ಲಾವಂಚದ ಬೇರು: ಅಗೆದರೆ ಪರಿಮಳ, ಬಿಟ್ಟರೆ ಬದು

ಬೇಸಿಗೆ ಬಂತೆಂದರೆ ಗ್ರಂಥಿಗೆ ಅಂಗಡಿಗಳಲ್ಲಿ ಲಾವಂಚದ ಬೇರಿನ ಕಟ್ಟುಗಳು ಕಾಣಿಸಿಕೊಳ್ಳುತ್ತವೆ. ಕುಡಿಯುವ ನೀರಿನ ಮಡಕೆಗೆ ಒಂದು ಚಿಟಿಕೆ ಬೇರು, ಕಿಟಕಿಗೆ ಲಾವಂಚದ ತಡಿಕೆ, ಕೂಲರ್‌ಗೆ ಲಾವಂಚದ ಪದರ, ಸ್ನಾನಕ್ಕೆ ಲಾವಂಚದ ಸೋಪು. ಬೇರನ್ನು ನಾವೆಲ್ಲ ಬಲ್ಲೆವು. ಆದರೆ ಆ ಬೇರಿನ ಮೇಲೆ ಯಾವ ಗಿಡ ಇರುತ್ತದೆ ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಕೆಲವರು ಅದನ್ನು ಯಾವುದೋ ಬಳ್ಳಿಯ ಬೇರು ಎಂದುಕೊಂಡಿದ್ದಾರೆ, ಇನ್ನು ಕೆಲವರು ದರ್ಭೆ ಎಂದು.

ಅದೊಂದು ಹುಲ್ಲು. ರಾಗಿ, ಜೋಳ, ಕಬ್ಬಿನ ಕುಟುಂಬಕ್ಕೇ ಸೇರಿದ್ದು. ಭಾರತದ್ದೇ ಹುಲ್ಲು; ಕೆರೆಯಂಗಳ, ಹಳ್ಳದ ದಂಡೆ, ನೀರು ನಿಂತು ಇಂಗುವ ತಗ್ಗು ಅದರ ಸಹಜ ನೆಲೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಂಥ ಕೆರೆಗಳ ಸೀಮೆ ಅದಕ್ಕೆ ಒಗ್ಗುವ ಜಾಗ. ಇಲ್ಲಿನ ಮಣ್ಣು ಮತ್ತು ಮಳೆಗೆ ಈ ಹುಲ್ಲು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದರ ಬಗ್ಗೆ ಹಲವು ನಂಬಿಕೆಗಳು ಓಡಾಡುತ್ತಿವೆ. ಕೆಲವು ಸರಿ, ಕೆಲವು ಅರ್ಧ ಸರಿ, ಕೆಲವು ಪೂರ್ತಿ ತಪ್ಪು.

ಗರಿಕೆ ಹಬ್ಬುತ್ತದೆ, ಲಾವಂಚ ಯಾಕೆ ಹಬ್ಬುವುದಿಲ್ಲ?

ಇದು ಅರ್ಥವಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಹೊಲದಲ್ಲಿ ಗರಿಕೆ ಸೇರಿಕೊಂಡರೆ ಏನಾಗುತ್ತದೆ ಎಂದು ರೈತರಿಗೆ ಹೇಳಬೇಕಾಗಿಲ್ಲ. ಒಂದು ಗೆಣ್ಣು ಉಳಿದರೂ ಸಾಕು, ನೆಲದ ಮೇಲೊಂದು ಬಳ್ಳಿ, ನೆಲದೊಳಗೊಂದು ಬಳ್ಳಿ ಬಿಟ್ಟು ಮುಂದಿನ ಮಳೆಗಾಲಕ್ಕೆ ಸಾಲು ದಾಟಿರುತ್ತದೆ. ಲಾವಂಚ ಹಾಗಲ್ಲ. ನೆಟ್ಟ ಜಾಗದಲ್ಲೇ ಗುತ್ತಿಯಾಗಿ ದಪ್ಪಗಾಗುತ್ತದೆ.

ಎರಡರ ವ್ಯತ್ಯಾಸ ಇರುವುದು ಒಂದು ಸಣ್ಣ ಮೊಗ್ಗಿನ ನಡವಳಿಕೆಯಲ್ಲಿ. ಹುಲ್ಲಿನ ಪ್ರತಿ ಗರಿಯ ಬುಡದಲ್ಲಿ ಕಾಂಡವನ್ನು ಸುತ್ತಿಕೊಂಡ ಒಂದು ಒರೆ ಇರುತ್ತದೆ. ರಾಗಿ ಪೈರನ್ನು ಕಿತ್ತು ಗರಿ ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಆ ಒರೆಯೊಳಗೆ, ಗೆಣ್ಣಿನ ಬಳಿ, ಒಂದು ಮೊಗ್ಗು. ಹಬ್ಬುವ ಹುಲ್ಲುಗಳಲ್ಲಿ ಈ ಮೊಗ್ಗು ಒರೆಯನ್ನು ಸೀಳಿಕೊಂಡು ಅಡ್ಡಕ್ಕೆ ಹೊರಟು ಬಳ್ಳಿಯಾಗುತ್ತದೆ. ಗುತ್ತಿಯಾಗುವ ಹುಲ್ಲುಗಳಲ್ಲಿ ಮೊಗ್ಗು ಒರೆಯೊಳಗೇ ತಾಯಿ ಕಾಂಡಕ್ಕೆ ಒತ್ತಿಕೊಂಡು ನೇರ ಮೇಲಕ್ಕೆ ಬೆಳೆಯುತ್ತದೆ. ಅದೇ ಹೊಸ ತೆಂಡೆ. ಅದರ ಬುಡದಲ್ಲಿ ಮತ್ತೊಂದು ತೆಂಡೆ, ಅದರ ಬುಡದಲ್ಲಿ ಇನ್ನೊಂದು. ಹೀಗೆ ಒಂದಕ್ಕೊಂದು ಅಂಟಿಕೊಂಡೇ ಬೆಳೆದು, ಕೆಲವೇ ವರ್ಷಗಳಲ್ಲಿ ನೂರಾರು ತೆಂಡೆಗಳ ಗಟ್ಟಿ ಗುತ್ತಿ ಆಗುತ್ತದೆ.

ಕರಾವಳಿಯ ಮರಳು ದಿಬ್ಬಗಳಲ್ಲಿ ರಾವಣನ ಮೀಸೆ ಎಂಬ ಮುಳ್ಳು ಹುಲ್ಲು ಮಾಡುವುದು ಇದಕ್ಕೆ ವಿರುದ್ಧ. ಅದು ಉದ್ದುದ್ದ ಬಳ್ಳಿ ಬಿಟ್ಟು ಹಾರುವ ಮರಳನ್ನು ಹೊಲಿಗೆ ಹಾಕಿದಂತೆ ಹಿಡಿಯುತ್ತದೆ. ಲಾವಂಚ ಹೊಲಿಗೆ ಹಾಕುವುದಿಲ್ಲ, ಗೂಟ ಹೊಡೆಯುತ್ತದೆ. ನೆಲ ಬೇರೆ, ತಂತ್ರ ಬೇರೆ.

ಹುಲ್ಲುಗಳಿಗೆ ಇರುವ ಇನ್ನೊಂದು ಅನುಕೂಲವೂ ಇದಕ್ಕಿದೆ. ಮರದ ಕೊಂಬೆ ತುದಿಯಲ್ಲಿ ಬೆಳೆಯುತ್ತದೆ. ಹುಲ್ಲಿನ ಗರಿ ಬುಡದಲ್ಲಿ ಬೆಳೆಯುತ್ತದೆ. ದನ ಮೇಯಲಿ, ಕುಡುಗೋಲು ಆಡಲಿ, ಬೆಂಕಿ ಬೀಳಲಿ, ಹೋಗುವುದು ತುದಿ. ಬೆಳೆಯುವ ಭಾಗ ಮಣ್ಣಿನ ಮಟ್ಟದಲ್ಲಿ, ಹಳೆಯ ಒರೆಗಳ ಹೊದಿಕೆಯೊಳಗೆ ಸುರಕ್ಷಿತವಾಗಿರುತ್ತದೆ. ಮೇಲೆ ಹೂಳು ಬಂದು ಬಿದ್ದರೆ? ಲಾವಂಚದ ಕಾಂಡದ ಗೆಣ್ಣುಗಳು ಆ ಹೂಳಿನೊಳಗೇ ಹೊಸ ಬೇರು ಬಿಟ್ಟು, ಇಡೀ ಗುತ್ತಿ ಮಣ್ಣಿನೊಂದಿಗೆ ಮೇಲಕ್ಕೇರುತ್ತದೆ. ಈ ಗುಣವನ್ನು ನೆನಪಿಟ್ಟುಕೊಳ್ಳಿ. ಬದುವಿನ ಕತೆಯಲ್ಲಿ ಇದೇ ಮುಖ್ಯ.

ಬೇರು ಎಷ್ಟು ಆಳ, ಎಷ್ಟು ಗಟ್ಟಿ?

ಹುಲ್ಲಿಗೆ ತಾಯಿಬೇರು ಇರುವುದಿಲ್ಲ, ಇರುವುದೆಲ್ಲ ಎಳೆಬೇರುಗಳ ಜಡೆ. ಲಾವಂಚಕ್ಕೆ ಕನ್ನಡದಲ್ಲಿ ಮುಡಿವಾಳ ಎಂಬ ಹೆಸರೂ ಇದೆ. ಬೇರನ್ನು ನೋಡಿದರೆ ಮುಡಿಯ ನೆನಪಾಗುವುದು ಸಹಜವೇ. ಹೆಚ್ಚಿನ ಹುಲ್ಲುಗಳ ಬೇರು ಮೇಲ್ಮಣ್ಣಿನಲ್ಲಿ ಸುತ್ತಲೂ ಹರಡಿದರೆ ಲಾವಂಚದ ಬೇರು ಬಹುಮಟ್ಟಿಗೆ ನೇರ ಕೆಳಕ್ಕೆ ಇಳಿಯುತ್ತದೆ. ಸಡಿಲವಾದ ಆಳದ ಮಣ್ಣಿನಲ್ಲಿ 3 ಮೀಟರ್‌ವರೆಗೆ, ಅಂದರೆ ಆಳೆತ್ತರಕ್ಕಿಂತ ಹೆಚ್ಚು, ಹೋದದ್ದಿದೆ.

ಅಂತರ್ಜಾಲದಲ್ಲಿ ಈ 3 ಮೀಟರ್ ಅಂಕಿಯನ್ನು ಎಲ್ಲ ಕಡೆಗೂ ಅನ್ವಯಿಸಿ ಹೇಳುತ್ತಾರೆ. ಅದು ಸರಿಯಲ್ಲ. ಬೆಂಗಳೂರು ಗ್ರಾಮಾಂತರದ ದಿಣ್ಣೆಗಳಲ್ಲಿ ಕೆಂಪು ಮಣ್ಣು ಹಲವೆಡೆ ತೆಳು. ಕೆಳಗೆ ಗರಸು, ಅದರ ಕೆಳಗೆ ನೈಸ್ ಬಂಡೆ. ಬೇರು ಬಂಡೆ ಕೊರೆಯುವುದಿಲ್ಲ. ಅಲ್ಲಿ ಅದು ಎಷ್ಟು ಮಣ್ಣಿದೆಯೋ ಅಷ್ಟರಲ್ಲಿ, ಬಿರುಕಿದ್ದರೆ ಬಿರುಕಿನಲ್ಲಿ ಇಳಿಯುತ್ತದೆ.

ಗಟ್ಟಿತನದ ಬಗ್ಗೆಯೂ ಒಂದು ಮಾತು ಜನಪ್ರಿಯ: "ಲಾವಂಚದ ಬೇರು ಉಕ್ಕಿನಷ್ಟು ಗಟ್ಟಿ". ಇದರ ಮೂಲ 1990ರ ದಶಕದಲ್ಲಿ ಥಾಯ್ಲೆಂಡಿನ ಇಂಜಿನಿಯರ್ ದಿತಿ ಹೆಂಗ್ಚಾವೊವನಿಚ್ ಮತ್ತು ಸಂಗಡಿಗರು ಮಾಡಿದ ಪರೀಕ್ಷೆ. ಬೇರುಗಳನ್ನು ಎಳೆದು ತುಂಡರಿಸಿ ನೋಡಿದಾಗ ಸಿಕ್ಕ ಬಲ ಸರಾಸರಿ 75 ಮೆಗಾಪಾಸ್ಕಲ್, ಅಂದರೆ ಮೆದು ಉಕ್ಕಿನ ಸುಮಾರು ಆರನೇ ಒಂದು ಪಾಲು. ಉಕ್ಕಿನಷ್ಟಲ್ಲ. ಆದರೂ ಇದು ಸಣ್ಣದಲ್ಲ. ಲೆಕ್ಕ ಹಾಕಿ: 0.7 ಮಿಲಿಮೀಟರ್ ದಪ್ಪದ, ಹೊಲಿಗೆ ದಾರದಂಥ ಒಂದೇ ಎಳೆ ಸುಮಾರು 3 ಕಿಲೋ ತೂಕವನ್ನು ತುಂಡಾಗದೆ ಹಿಡಿಯಬಲ್ಲದು. ಒಂದು ಗುತ್ತಿಯ ಕೆಳಗೆ ಇಂಥ ಎಳೆಗಳು ಸಾವಿರಗಟ್ಟಲೆ.

ಕೆರೆ ತುಂಬಿ ಬುಡ ಮುಳುಗಿದಾಗ ಹೆಚ್ಚಿನ ಗಿಡಗಳ ಬೇರು ಉಸಿರಿಲ್ಲದೆ ಕೊಳೆಯುತ್ತದೆ. ಲಾವಂಚದ ಬೇರಿನೊಳಗೆ ಗಾಳಿ ಓಡಾಡುವ ಟೊಳ್ಳು ಜಾಗಗಳಿವೆ. ಭತ್ತದಲ್ಲೂ ಇದೇ ಏರ್ಪಾಡು. ಎಲೆಯಿಂದ ಇಳಿದ ಆಮ್ಲಜನಕ ಆ ಹಾದಿಯಲ್ಲಿ ಬೇರಿನ ತುದಿಗೆ ತಲುಪುತ್ತದೆ. ಹಾಗೆಯೇ ಕೆರೆ ಬತ್ತಿ ಅಂಗಳ ಬಿರುಕು ಬಿಟ್ಟಾಗ ಆಳದ ತೇವ ಅದರ ಕೈಗೆಟಕುತ್ತದೆ. ಆರು ತಿಂಗಳು ನೀರು, ಆರು ತಿಂಗಳು ಧೂಳು ಎಂಬ ನಮ್ಮ ಕೆರೆಯಂಗಳದ ಬದುಕಿಗೆ ಇದಕ್ಕಿಂತ ಹೊಂದುವ ಹುಲ್ಲು ಹುಡುಕುವುದು ಕಷ್ಟ.

ಗುಂಡ್ಲುಪೇಟೆಯ ರೈತರಿಗೆ ಮೊದಲೇ ಗೊತ್ತಿತ್ತು

1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿ ತಜ್ಞರಾದ ರಿಚರ್ಡ್ ಗ್ರಿಮ್‌ಶಾ ಮತ್ತು ಜಾನ್ ಗ್ರೀನ್‌ಫೀಲ್ಡ್ ಭಾರತದಲ್ಲಿ ಮಣ್ಣು ಸಂರಕ್ಷಣೆಯ ಕೆಲಸ ಮಾಡುತ್ತಿದ್ದರು. ಆಗ ನಡೆಯುತ್ತಿದ್ದ ಮಳೆಯಾಶ್ರಿತ ಜಲಾನಯನ ಯೋಜನೆಯ ನಾಲ್ಕು ಪ್ರಾಯೋಗಿಕ ತಾಣಗಳಲ್ಲಿ ಕರ್ನಾಟಕದ್ದು ಕನಕಪುರದ ಕಡೆಯ ಕಬ್ಬಾಳ ನಾಲಾ. (ಕನಕಪುರ 1986ರಿಂದ 2007ರವರೆಗೆ, ರಾಮನಗರ ಜಿಲ್ಲೆ ಆಗುವ ತನಕ, ಬೆಂಗಳೂರು ಗ್ರಾಮಾಂತರಕ್ಕೇ ಸೇರಿತ್ತು.) ಮಣ್ಣಿನ ಬದುಗಳು ದುಬಾರಿ, ಒಂದು ಜೋರು ಮಳೆಗೆ ಒಡೆಯುತ್ತವೆ, ಬದಲಿಗೆ ಲಾವಂಚದ ಸಾಲು ನೆಡಬಾರದೇಕೆ ಎಂಬುದು ಅವರ ವಾದ. ಗ್ರೀನ್‌ಫೀಲ್ಡ್ ಇದನ್ನು 1950ರ ದಶಕದಲ್ಲೇ ಫಿಜಿಯ ಕಬ್ಬಿನ ಇಳಿಜಾರುಗಳಲ್ಲಿ ಮಾಡಿ ನೋಡಿದ್ದರು.

ಅವರು ಹೊಸ ವಿಷಯವೆಂದುಕೊಂಡದ್ದು ಇಲ್ಲಿ ಹಳೆಯದಾಗಿತ್ತು. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಎಲ್ಲೆಗೆ ಲಾವಂಚದ ಸಾಲನ್ನು ತಲೆಮಾರುಗಳಿಂದ ಇಟ್ಟುಕೊಂಡು ಬಂದಿದ್ದರು. ಗಡಿ ಗುರುತಿಗೆಂದು ನೆಟ್ಟದ್ದು, ಮಣ್ಣನ್ನೂ ಹಿಡಿದಿತ್ತು. ನೂರು ವರ್ಷ ಕಳೆದರೂ ಸಾಲು ಅಲ್ಲೇ ಇತ್ತು, ಹೊಲದೊಳಗೆ ನುಗ್ಗಿರಲಿಲ್ಲ. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಲಾವಂಚದ ಬಗ್ಗೆಯೇ ಒಂದು ಪುಸ್ತಕ ಹೊರತಂದಾಗ ಗುಂಡ್ಲುಪೇಟೆಯ ಉದಾಹರಣೆ ಅದರಲ್ಲಿ ಸೇರಿತು. ನಮ್ಮ ರೈತರ ಜಾಣ್ಮೆ ವಿದೇಶಿ ವರದಿಯಲ್ಲಿ ಬಂದ ಮೇಲೆ ನಮಗೆ ಕಾಣುವುದು ಹೊಸತೇನಲ್ಲ ಬಿಡಿ.

ಲಾವಂಚದ ಸಾಲು ಮಣ್ಣನ್ನು ಹಿಡಿಯುವುದು ಹೇಗೆ? ಅದು ನೀರನ್ನು ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ಒತ್ತಾದ ತೆಂಡೆಗಳ ನಡುವೆ ನೀರು ಜರಡಿಯಲ್ಲಿ ಸೋಸಿದಂತೆ ಹರಿಯುವಾಗ ಅದರ ವೇಗ ಇಳಿಯುತ್ತದೆ, ವೇಗ ಇಳಿದರೆ ಹೊತ್ತು ತಂದ ಮಣ್ಣು ಸಾಲಿನ ಹಿಂದೆ ಬೀಳುತ್ತದೆ. ಹಾಗೆ ಬಿದ್ದ ಮಣ್ಣಿನೊಂದಿಗೆ ಹುಲ್ಲು ಮೇಲೇರುತ್ತದೆ. ವರ್ಷಗಳು ಕಳೆದಂತೆ ಇಳಿಜಾರು ಹೊಲ ತಾನಾಗಿಯೇ ಮೆಟ್ಟಿಲಾಗುತ್ತದೆ. ಜೆಸಿಬಿ ಬೇಕಿಲ್ಲ.

ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಅದರಲ್ಲಿ ಜೋರು ಪಾಲು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಬರಿ ಕೆಂಪು ನೆಲದ ಮೇಲೆ ದಪ್ಪ ಹನಿ ಬಿದ್ದರೆ ಮೇಲ್ಮಣ್ಣು ಹೆಪ್ಪುಗಟ್ಟಿದಂತಾಗಿ ನೀರು ಇಂಗದೆ ಹರಿಯುತ್ತದೆ. ಹೊಲದ ಸತ್ವ ಹೋಗಿ ಸೇರುವುದು ಕೆರೆಗೆ, ಹೂಳಾಗಿ. ಅರ್ಕಾವತಿ ಮತ್ತು ದಕ್ಷಿಣ ಪಿನಾಕಿನಿ, ನಂದಿ ಬೆಟ್ಟ ಸಾಲಿನಿಂದ ಇಳಿಯುವ ಈ ಎರಡೂ ನದಿಗಳ ಪಾತ್ರದ ಕೆರೆಗಳು ಒಂದರ ಕೋಡಿ ಹರಿದು ಇನ್ನೊಂದು ತುಂಬುವಂತೆ ಸರಪಳಿಯಾಗಿವೆ. ಹಾಗಾಗಿ ಮೇಲಿನ ಊರಿನ ಹೊಲದ ಮಣ್ಣು ಕೆಳಗಿನ ಊರಿನ ಕೆರೆಯ ಆಳವನ್ನು ತಿನ್ನುತ್ತದೆ.

ಹೂಳೆತ್ತಿದ ಮೇಲೆ ದಂಡೆಯನ್ನು ಕಡಿದಾಗಿ ಕೆತ್ತಿ, ಇದ್ದ ಹುಲ್ಲನ್ನೆಲ್ಲ ಕಳೆಯೆಂದು ಬಾಚಿ, "ಅಚ್ಚುಕಟ್ಟು" ಮಾಡುವ ರೂಢಿ ಇದೆಯಲ್ಲ, ಅದು ನನಗೆ ಅರ್ಥವಾಗದ ವಿಷಯ. ಬೋಳಿಸಿದ ದಂಡೆ ಮುಂದಿನ ಮಳೆಗೇ ಜಾರಿ ಎತ್ತಿದ ಹೂಳಿನ ಒಂದು ಪಾಲು ಮರಳಿ ಕೆರೆಗೆ ಬೀಳುತ್ತದೆ. ಏರಿಯ ಮೇಲೆ ಮರ ಬೆಳೆಯಲು ಬಿಡಬಾರದು ಎಂಬ ಇಂಜಿನಿಯರುಗಳ ಮಾತು ಸರಿ: ಮರ ಸತ್ತಾಗ ಅದರ ದಪ್ಪ ಬೇರು ಕೊಳೆತು ನೀರು ನುಗ್ಗುವ ಸುರಂಗವಾಗುತ್ತದೆ. ಆದರೆ ಹುಲ್ಲಿಗೆ ಆ ಮಾತು ಅನ್ವಯಿಸುವುದಿಲ್ಲ.

ಹೆಸರಿನಲ್ಲೇ ಇರುವ ಪೇಚು

ಇಂಗ್ಲಿಷಿನ ವೆಟಿವರ್ ಎಂಬ ಪದ ಬಂದದ್ದು ತಮಿಳಿನ ವೆಟ್ಟಿವೇರ್‌ನಿಂದ. ವೇರ್ ಎಂದರೆ ನಮ್ಮ ಬೇರೇ. ವೆಟ್ಟಿವೇರ್ ಎಂದರೆ ಅಗೆದು ತೆಗೆದ ಬೇರು. ಅಂದರೆ ಜಗತ್ತು ಈ ಹುಲ್ಲನ್ನು ಗುರುತಿಸುವುದೇ ಕಿತ್ತ ಮೇಲೆ.

ಪರಿಮಳ ಇರುವುದು ಬೇರಿನಲ್ಲಿ ಮಾತ್ರ. ಗರಿಯನ್ನು ಉಜ್ಜಿ ಮೂಸಿ ನೋಡಿ, ಹಸಿ ಹುಲ್ಲಿನ ವಾಸನೆಯಷ್ಟೆ. ಬೇರಿನ ತೊಗಟೆಯ ಭಾಗದ ಕೋಶಗಳಲ್ಲಿ ಎಣ್ಣೆ ಕೂಡಿರುತ್ತದೆ. ಇಲ್ಲೊಂದು ಸೊಗಸಾದ ಸಂಗತಿ: ಆ ಕೋಶಗಳಲ್ಲಿ ಬ್ಯಾಕ್ಟೀರಿಯಾಗಳು ವಾಸವಾಗಿವೆ, ಮತ್ತು ಗಿಡ ತಯಾರಿಸಿದ ಸರಳ ರಾಸಾಯನಿಕವನ್ನು ಅವು ತಿಂದು ಬದಲಿಸಿ ಪರಿಮಳದ ಹಲವು ಅಂಶಗಳನ್ನು ಉಂಟುಮಾಡುತ್ತವೆ ಎಂದು ಇಟಲಿಯ ಸಂಶೋಧಕರು 2008ರಲ್ಲಿ ತೋರಿಸಿದರು. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಇಲ್ಲದಂತೆ ಬೆಳೆಸಿದ ಗಿಡದ ಬೇರಿನಲ್ಲಿ ಎಣ್ಣೆ ಅತ್ಯಲ್ಪ. ನಾವು ಲಾವಂಚದ ಕಂಪು ಎನ್ನುವುದರಲ್ಲಿ ಮಣ್ಣಿನ ಜೀವಿಗಳ ಪಾಲೂ ಇದೆ.

ಆದರೆ ಈ ಎಣ್ಣೆಗಾಗಿ ಸುಮಾರು ಒಂದೂವರೆ ವರ್ಷದ ಬೆಳೆಯನ್ನು ಬುಡಸಮೇತ ಅಗೆಯಬೇಕು. ಕಡಲೂರಿನ ಕರಾವಳಿಯ ಸಮತಟ್ಟು ಮರಳಿನಲ್ಲಿ ಹೀಗೆ ಬೆಳೆದು ಅಗೆದರೆ ತೊಂದರೆಯಿಲ್ಲ, ಬೇರು ಸುಲಭವಾಗಿ ಬರುತ್ತದೆ, ಕೊಚ್ಚಿಹೋಗಲು ಇಳಿಜಾರಿಲ್ಲ. ಹೈಟಿ ದೇಶದ ಕತೆ ಬೇರೆ. ಜಗತ್ತಿನ ಸುಗಂಧ ಉದ್ಯಮಕ್ಕೆ ಲಾವಂಚದ ಎಣ್ಣೆಯ ದೊಡ್ಡ ಪಾಲು ಅಲ್ಲಿಂದ ಬರುತ್ತದೆ. ಅಲ್ಲಿನ ಗುಡ್ಡಗಳ ಇಳಿಜಾರಿನಲ್ಲಿ ಬೇರು ಅಗೆಯುತ್ತಾ ಹೋದಂತೆ ಮಣ್ಣು ಸಡಿಲಗೊಂಡು ಮಳೆಗೆ ಕೊಚ್ಚಿಹೋಗುತ್ತದೆ. ಮಣ್ಣು ಉಳಿಸುವ ಹುಲ್ಲು ಎಂದು ಹೆಸರಾದ ಗಿಡವೇ ಅಲ್ಲಿ ಮಣ್ಣು ಕಳೆಯುವ ಬೆಳೆ.

ಆದ್ದರಿಂದ "ಬದುವಿಗೆ ಲಾವಂಚ ಹಾಕಿ, ಮಣ್ಣೂ ಉಳಿಯುತ್ತೆ, ಬೇರು ಮಾರಿ ದುಡ್ಡೂ ಮಾಡಬಹುದು" ಎಂಬ ವಿಡಿಯೋಗಳನ್ನು ಎಚ್ಚರದಿಂದ ನೋಡಿ. ಒಂದೇ ಸಾಲಿನಿಂದ ಎರಡೂ ಆಗುವುದಿಲ್ಲ. ಮಾರಾಟಕ್ಕೆ ಬೇಕಿದ್ದರೆ ಸಮತಟ್ಟಾದ ಬೇರೆ ಮಡಿಯಲ್ಲಿ ಬೆಳೆಯಿರಿ. ಬದುವಿನ ಸಾಲಿನಿಂದ ತೆಗೆಯಬಹುದಾದದ್ದು ಗರಿ ಮಾತ್ರ. ಎಳೆಯದಿದ್ದಾಗ ಮೇವಿಗೆ, ಬಲಿತ ಮೇಲೆ ಮುಚ್ಚಿಗೆಗೆ, ಸೂರಿಗೆ.

ತಂಪು, ಶುದ್ಧಿ, ಅಂತರ್ಜಲ

ಲಾವಂಚ ತಂಪು ಎನ್ನುತ್ತೇವೆ. ಒಣ ತಡಿಕೆಯನ್ನು ಕಿಟಕಿಗೆ ಕಟ್ಟಿ ನೋಡಿ, ಏನೂ ತಂಪಾಗುವುದಿಲ್ಲ. ನೀರು ಚಿಮುಕಿಸಿದಾಗ ಆ ನೀರು ಆವಿಯಾಗಲು ಬೇಕಾದ ಶಾಖವನ್ನು ಬೀಸುವ ಗಾಳಿಯಿಂದ ಎಳೆದುಕೊಳ್ಳುತ್ತದೆ, ಗಾಳಿ ತಣ್ಣಗಾಗುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಹೀಗೆಯೇ. ಲಾವಂಚದ ಹೆಚ್ಚುಗಾರಿಕೆ ಏನೆಂದರೆ ಅದರ ಎಳೆಗಳು ನೀರನ್ನು ಚೆನ್ನಾಗಿ ಹಿಡಿದಿಡುತ್ತವೆ ಮತ್ತು ಕಂಪು ಕೊಡುತ್ತವೆ. ನಮ್ಮಲ್ಲಿ ಮಾರ್ಚ್ ತಿಂಗಳ ಒಣ ಗಾಳಿಗೆ ಇದು ಚೆನ್ನ. ಮಂಗಳೂರಿನ ಸೆಕೆಗೆ ಅಷ್ಟು ಉಪಯೋಗವಿಲ್ಲ, ಏಕೆಂದರೆ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ.

ಮಡಕೆಗೆ ಬೇರು ಹಾಕಿದರೆ ನೀರು ಶುದ್ಧವಾಗುತ್ತದೆ ಎಂಬುದು ಅಪಾಯದ ನಂಬಿಕೆ. ನೀರಿಗೆ ಪರಿಮಳ ಬರುತ್ತದೆ, ಅಷ್ಟೆ. ಭೇದಿ, ಟೈಫಾಯ್ಡ್ ತರುವ ರೋಗಾಣುಗಳು ಹಾಗೆಯೇ ಉಳಿದಿರುತ್ತವೆ. ಬೋರ್‌ವೆಲ್ ನೀರಿನ ಫ್ಲೋರೈಡ್ ಕೂಡ ಹೋಗುವುದಿಲ್ಲ. ಮೊದಲು ನೀರನ್ನು ಕುದಿಸಿ ಆರಿಸಿ, ಆಮೇಲೆ ಚೆನ್ನಾಗಿ ತೊಳೆದ ಬೇರು ಹಾಕಿ, ಒಂದೆರಡು ದಿನಕ್ಕೆ ಬದಲಿಸಿ. ಮಣ್ಣಿನಿಂದ ಬಂದ ಬೇರು ಅದು, ತಾನೇ ಕೊಳಕು ತರಬಹುದು.

ಕೊಳಚೆ ಸೇರಿದ ಕೆರೆಗೆ ಲಾವಂಚ ನೆಟ್ಟರೆ? ದೊಡ್ಡಬಳ್ಳಾಪುರದ ಬಳಿ ದೊಡ್ಡತುಮಕೂರು, ಮಜರಾಹೊಸಹಳ್ಳಿ ಊರಿನವರು ತಮ್ಮ ಕೆರೆಗಳಿಗೆ ನಗರದ ಮತ್ತು ಕೈಗಾರಿಕೆಯ ಕೊಳಚೆ ಸೇರುವುದರ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದಾರೆ. ಅಲ್ಲಿನವರಿಗೆ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಲಾವಂಚ ನೀರಿನಲ್ಲಿ ಕರಗಿದ ಸಾರಜನಕ, ರಂಜಕಗಳನ್ನು ಚೆನ್ನಾಗಿ ಹೀರುತ್ತದೆ ಎಂಬುದು ಹಲವು ದೇಶಗಳ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಹೀರಿದ್ದು ಗಿಡದೊಳಗೇ ಇರುತ್ತದೆ. ಗರಿ ಕತ್ತರಿಸಿ ಹೊರಗೆ ಸಾಗಿಸದಿದ್ದರೆ ಅದು ಒಣಗಿ ಬಿದ್ದು ಎಲ್ಲವೂ ಮರಳಿ ನೀರಿಗೇ. ದಿನವೂ ಹರಿದು ಬರುವ ಕೊಳಚೆಗೆ ದಂಡೆಯ ಒಂದು ಸಾಲು ಹುಲ್ಲು ಸಾಟಿಯಲ್ಲ. ಅದಕ್ಕೆ ಸಂಸ್ಕರಣಾ ಘಟಕವೇ ಬೇಕು, ಕೈಗಾರಿಕೆಯ ತ್ಯಾಜ್ಯ ಕೆರೆಯ ಬಾಗಿಲಿಗೇ ಬರಬಾರದು. ಹುಲ್ಲು ನೆಟ್ಟ ಫೋಟೊ ತೋರಿಸಿ ಆ ಜವಾಬ್ದಾರಿಯಿಂದ ಯಾರೂ ಜಾರಿಕೊಳ್ಳುವಂತಿಲ್ಲ.

ಇನ್ನು ಅಂತರ್ಜಲ. ಇದರ ಬಗ್ಗೆ ಎರಡು ವಿರುದ್ಧ ವದಂತಿಗಳಿವೆ: ಲಾವಂಚ ಬೋರ್‌ವೆಲ್ ತುಂಬಿಸುತ್ತದೆ, ಲಾವಂಚ ನೀರೆಲ್ಲ ಕುಡಿದುಬಿಡುತ್ತದೆ. ನೂರಾರು ಮೀಟರ್ ಆಳದ ಬಂಡೆ ಬಿರುಕಿನ ನೀರಿಗೆ ಕೆಲವು ಅಡಿ ಇಳಿಯುವ ಬೇರು ಕೈ ಹಾಕಲಾರದು. ರಾಗಿ, ಜೋಳದಂತೆ ಇದೂ ಕಡಿಮೆ ನೀರಿನಲ್ಲಿ ಹೆಚ್ಚು ಬೆಳೆಯುವ, ಸಿ-4 ಎಂದು ಕರೆಯುವ ಬಗೆಯ ಗಿಡ. ಸಾಲಿಗೆ ತಾಗಿದ ಬೆಳೆ ನೆರಳಿಗೋ ಪೈಪೋಟಿಗೋ ಸ್ವಲ್ಪ ಸೊರಗಬಹುದು, ಗರಿ ಕತ್ತರಿಸುತ್ತಿದ್ದರೆ ಅದೂ ಕಡಿಮೆ. ನೀರಿನ ಓಟ ನಿಧಾನವಾದಲ್ಲಿ ಇಂಗುವುದು ಹೆಚ್ಚುತ್ತದೆ, ಇದು ನಿಜ. ಆದರೆ ಒಂದು ಎಕರೆಯ ಬದುವಿಗೆ ನೆಟ್ಟು ಬತ್ತಿದ ಬೋರ್‌ವೆಲ್ ಚಿಮ್ಮಲಿ ಎಂದು ಕಾಯುವುದು ಬೇಡ.

ನೆಡುವುದಾದರೆ

ಮೊದಲು ಗುರುತು ಸರಿಯಿರಲಿ. ನಿಂಬೆಹುಲ್ಲಿನ ಗರಿ ಉಜ್ಜಿದರೆ ಘಮ್ಮೆನ್ನುತ್ತದೆ, ಲಾವಂಚದ್ದು ಇಲ್ಲ. ಕೆರೆಯ ಜೊಂಡಿಗೆ ಕಂದು ಬಣ್ಣದ ಕೊಳವೆಯಂಥ ತೆನೆ. ಲಾವಂಚದ ತೆನೆ ನೇರಳೆ ಕಂದು, ನಡುಕಡ್ಡಿಯ ಸುತ್ತ ಸುತ್ತಾಗಿ ತೆಳು ಕಡ್ಡಿಗಳು. ಬುಡದಲ್ಲಿ ಗರಿಗಳ ಒರೆ ಚಪ್ಪಟೆಯಾಗಿ ಬೀಸಣಿಗೆಯಂತೆ ಜೋಡಿಸಿಕೊಂಡಿರುತ್ತದೆ.

ಬೀಜ ಮಾರುವವರಿಂದ ಕೊಳ್ಳಬೇಡಿ. ಉತ್ತರ ಭಾರತದಲ್ಲಿ, ಭರತಪುರದಂಥ ಕಡೆ ತಾನಾಗಿ ಬೆಳೆಯುವ ಬಗೆ ಬೀಜದಿಂದ ಹರಡುತ್ತದೆ. ಅದನ್ನು ಹೊಲಕ್ಕೆ ತಂದರೆ ಕಳೆಯಾಗುವ ಭಯ ಸುಳ್ಳಲ್ಲ. ದಕ್ಷಿಣದಲ್ಲಿ ಬೆಳೆಸುವ ಬಗೆ ಹೂ ಬಿಟ್ಟರೂ ಮೊಳೆಯುವ ಬೀಜ ಕಟ್ಟುವುದು ಅಪರೂಪ. ತೆಂಡೆ ಒಡೆದು ನೆಡುವುದೇ ದಾರಿ. ಹೀಗೆ ಕೈಯಿಂದ ಕೈಗೆ ಹೋಗಿ ಇವತ್ತು ಭಾರತದ ಹೊರಗೆ ಬೆಳೆಸುತ್ತಿರುವ ಲಾವಂಚದ ಬಹುಪಾಲು ಒಂದೇ ಗಿಡದ ಪ್ರತಿಗಳು ಎಂದು ಡಿಎನ್ಎ ಪರೀಕ್ಷೆಗಳು ಹೇಳುತ್ತವೆ. ಒಂದೇ ರೋಗ ಎಲ್ಲವನ್ನೂ ಹಿಡಿಯಬಹುದಾದ ಸ್ಥಿತಿ ಅದು. ನಮ್ಮ ಕೆರೆ ದಂಡೆಗಳ ಹಳೆಯ ಗುತ್ತಿಗಳು ಆ ಕಾರಣಕ್ಕೂ ಬೆಲೆಯುಳ್ಳವು.

ಮುಂಗಾರು ಹಿಡಿದ ಮೇಲೆ, ಜೂನ್-ಜುಲೈನಲ್ಲಿ, ಗುತ್ತಿ ಒಡೆದು ಎರಡು ಮೂರು ತೆಂಡೆಗಳ ತುಂಡು ಮಾಡಿ. ಗರಿಯನ್ನು ಒಂದು ಗೇಣಿಗೆ, ಬೇರನ್ನು ನಾಲ್ಕು ಬೆರಳಿಗೆ ಕತ್ತರಿಸಿ. ನೀರು ಇಳಿಯುವ ದಿಕ್ಕಿಗೆ ಅಡ್ಡಲಾಗಿ, ಏರು ತಗ್ಗಿಲ್ಲದ ಸಮಪಾತಳಿ ಗೆರೆಯಲ್ಲಿ ನೆಡಿ. ಅಂತರ 10ರಿಂದ 15 ಸೆಂಟಿಮೀಟರ್, ಅದಕ್ಕಿಂತ ಹೆಚ್ಚು ಬೇಡ. ಬೇಲಿಗೆ ನೆಟ್ಟಂತೆ ಮೊಳಕ್ಕೊಂದು ನೆಡುವುದು ಸಾಮಾನ್ಯವಾಗಿ ನಡೆಯುವ ತಪ್ಪು. ನಡುವೆ ಬಿಟ್ಟ ಒಂದು ಗೇಣು ಜಾಗದಲ್ಲಿ ಸುತ್ತಲಿನ ನೀರೆಲ್ಲ ಒಟ್ಟಾಗಿ ನುಗ್ಗಿ, ಹುಲ್ಲೇ ಇಲ್ಲದಿದ್ದಾಗಿಗಿಂತ ಆಳವಾದ ಕೊರಕಲು ಕೊರೆಯುತ್ತದೆ. ಎರಡು ಮಳೆಗಾಲ ದಾಟುವವರೆಗೆ ಸಾಲನ್ನು ಆಗಾಗ ನೋಡುತ್ತಿರಿ. ಸತ್ತ ಜಾಗಕ್ಕೆ ಅದೇ ಸಾಲಿನ ದಪ್ಪ ಗುತ್ತಿಯ ಅಂಚಿನಿಂದ ಒಂದು ತೆಂಡೆ ಒಡೆದು, ಮಳೆ ನಿಲ್ಲುವ ಮೊದಲು ತುಂಬಿಸಿ.